ದೂರ ಪ್ರಯಾಣದಲ್ಲಿ ನಾಯಿಯನ್ನು ಎಲ್ಲಿ ಇಳಿಸಬೇಕು, ಹೇಗೆ ನಡೆಸಬೇಕು: ಸಮಗ್ರ ಮಾರ್ಗದರ್ಶಿ

"ದಾರಿಯಲ್ಲಿ ಮೂರು ಸಲ ನಿಲ್ಲಿಸಿದ್ವಿ. ಒಂದು ಸಲವೂ ಒಂದಕ್ಕೆ ಹೋಗಲಿಲ್ಲ. ಮತ್ತೆ ಕಾರು ಹತ್ತಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಸೀಟಿನ ಮೇಲೇ ಮಾಡಿಬಿಟ್ಟಿತು!"

ನಾಯಿ ಕರೆದುಕೊಂಡು ಊರಿಗೆ ಹೋಗಿಬಂದವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬೈಗುಳ ತಿನ್ನುವುದು ನಾಯಿ. ತಪ್ಪು ಮಾತ್ರ ನಮ್ಮದು. ನಾವು ನಿಲ್ಲಿಸುವುದು ಕಾಫಿ ಸಿಗುವ ಕಡೆ, ಟಾಯ್ಲೆಟ್ ಇರುವ ಕಡೆ, ಕಾರಿಗೆ ನೆರಳಿರುವ ಕಡೆ. ಅಲ್ಲಿ ಲಾರಿ ಹಾರ್ನ್ ಇರುತ್ತದೆ, ಬಾಂಡಲಿ ಎಣ್ಣೆಯ ವಾಸನೆ ಇರುತ್ತದೆ, ಆ ಜಾಗವನ್ನೇ ತಮ್ಮದು ಮಾಡಿಕೊಂಡ ಐದಾರು ಬೀದಿನಾಯಿ ಇರುತ್ತವೆ. ನಮ್ಮ ನಾಯಿ ಬಾಲ ಒಳಗೆ ಹಾಕಿಕೊಂಡು ಕಾರಿನ ಚಕ್ರಕ್ಕೆ ಅಂಟಿ ನಿಲ್ಲುತ್ತದೆ. ಹೆದರಿದ ನಾಯಿ ತಡೆದುಕೊಳ್ಳುತ್ತದೆ. ಕಾರೊಳಗೆ ಬಂದು ಧೈರ್ಯ ಬಂದ ಮೇಲೆ ಬಿಟ್ಟುಬಿಡುತ್ತದೆ.

ಹಾಗಾಗಿ ಮೊದಲು ಒಂದು ವಿಷಯ ಒಪ್ಪಿಕೊಳ್ಳಿ. ನಾಯಿಯ ನಿಲುಗಡೆ ಬೇರೆ, ನಮ್ಮ ಕಾಫಿಯ ನಿಲುಗಡೆ ಬೇರೆ. ಎರಡನ್ನೂ ಒಂದೇ ಕಡೆ ಮುಗಿಸಲು ಹೋದರೆ ಎರಡೂ ಕೆಡುತ್ತವೆ.

ಉದಾಹರಣೆಗೆ ನಾನು ಹೆಚ್ಚು ಓಡಾಡುವ ದಾರಿಯನ್ನೇ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ ಮೇಲೆ ಸಾಗರ. ಹಿಂದಿನ ಸೀಟಿನಲ್ಲಿ ಜೋನಿ. ನಾಡತಳಿ ಹೆಣ್ಣು, ಹದಿನೆಂಟು ಕೆಜಿ. ಜೋನಿಬೆಲ್ಲದ ಬಣ್ಣ ಅಂತ ಆ ಹೆಸರು. ನಿಮ್ಮ ದಾರಿ ಬೇರೆ ಇರಬಹುದು, ಕ್ರಮ ಇದೇ.

ಹಂತ 1: ಹಿಂದಿನ ದಿನವೇ ಜಾಗ ಗುರುತು ಹಾಕಿಕೊಳ್ಳಿ

ಬೆಳೆದ, ಆರೋಗ್ಯವಾಗಿರುವ ನಾಯಿಗೆ ಎರಡರಿಂದ ಎರಡೂವರೆ ಗಂಟೆಗೆ ಒಂದು ನಿಲುಗಡೆ ಸಾಕು. ಮರಿಗೆ ಮತ್ತು ವಯಸ್ಸಾದ ನಾಯಿಗೆ ಒಂದು, ಒಂದೂವರೆ ಗಂಟೆಗೊಮ್ಮೆ ಬೇಕು. "ಕುಂಯ್ ಅಂದಾಗ ನಿಲ್ಲಿಸಿದರಾಯ್ತು" ಅನ್ನುವುದು ಎಲ್ಲರೂ ಮಾಡುವ ತಪ್ಪು. ಅದು ಕುಂಯ್ ಅನ್ನುವ ಹೊತ್ತಿಗೆ ನೀವು ಯಾವುದೋ ಫ್ಲೈಓವರ್ ಮೇಲೆ ಇರುತ್ತೀರಿ.

ಗೂಗಲ್ ಮ್ಯಾಪ್ ತೆರೆದು ಸ್ಯಾಟಲೈಟ್ ಚಿತ್ರಕ್ಕೆ ಹಾಕಿ. ಹೆದ್ದಾರಿಯ ಎಡಗಡೆಗೆ ಹೊರಳುವ ಸಣ್ಣ ಹಳ್ಳಿ ರಸ್ತೆ ಹುಡುಕಿ. ಎಡಗಡೆ ಯಾಕೆ ಅಂದರೆ, ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಬಲಕ್ಕೆ ದಾಟಲು ಯೂ ಟರ್ನ್ ಹುಡುಕುತ್ತಾ ಕೂರಬೇಕು. ಆ ಹಳ್ಳಿ ರಸ್ತೆಯಲ್ಲಿ ಮುನ್ನೂರು, ನಾನೂರು ಮೀಟರ್ ಒಳಗೆ ಏನಿದೆ ನೋಡಿ. ಅಲ್ಲಿಗೆ ಹೆದ್ದಾರಿ ಸದ್ದು ಅರ್ಧ ಇಳಿದಿರುತ್ತದೆ.

ಚಿತ್ರ ಓದುವುದು ಕಷ್ಟವಲ್ಲ. ಸಾಲುಸಾಲಾಗಿ ಚುಕ್ಕಿ ಇಟ್ಟ ಹಾಗೆ ಕಂಡರೆ ತೆಂಗಿನ ತೋಟ. ಬೇಡ, ಅದು ಯಾರದೋ ಸ್ವಂತದ್ದು, ಒಳಗೆ ಕಾವಲು ನಾಯಿಯೂ ಇರುತ್ತದೆ. ಕಂದು ಬಣ್ಣದ ಖಾಲಿ ಜಾಗದಲ್ಲಿ ಅಡ್ಡಾದಿಡ್ಡಿ ಕಾಲುದಾರಿ ಕಂಡರೆ ಹೆಚ್ಚಾಗಿ ಗೋಮಾಳ ಅಥವಾ ಬಯಲು. ಒಂದು ಪಕ್ಕ ನೇರ ಗೆರೆ ಎಳೆದ ಹಾಗಿರುವ ನೀರು ಕಂಡರೆ ಅದು ಕೆರೆ, ಆ ನೇರ ಗೆರೆ ಏರಿ. ಏರಿಯ ಮೇಲೆ ರಸ್ತೆ ಇಲ್ಲದಿದ್ದರೆ ಬೆಳಗಿನ ಹೊತ್ತು ನಡೆಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡೂ ಕಡೆ ಕಣ್ಣು ಹಾಯಿಸಿದಷ್ಟು ದೂರ ಕಾಣುತ್ತದೆ, ಯಾರು ಬಂದರೂ ಮೊದಲೇ ಗೊತ್ತಾಗುತ್ತದೆ.

ನನ್ನ ಮೂರು ಗುರುತು ಹೀಗಿವೆ. ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಟ್ಟರೆ ಗುಬ್ಬಿ ದಾಟಿದ ಮೇಲೆ ಮೊದಲನೆಯದು. ಅರಸೀಕೆರೆ, ಬಾಣಾವರ, ಕಡೂರಿನ ನಡುವಿನ ಬಯಲಿನಲ್ಲಿ ಎರಡನೆಯದು. ಶಿವಮೊಗ್ಗದ ಪೇಟೆ ಗದ್ದಲ ಮುಗಿಸಿ ಆಯನೂರಿನ ಆಸುಪಾಸಿನಲ್ಲಿ ಮೂರನೆಯದು. ಪ್ರತಿ ಗುರುತಿಗೂ ಹತ್ತು ಕಿಲೋಮೀಟರ್ ಮುಂದೆ ಇನ್ನೊಂದು ಹೆಚ್ಚುವರಿ ಗುರುತು ಇಡಿ. ಮೊದಲನೆಯ ಜಾಗದಲ್ಲಿ ಅವತ್ತೇ ಸಂತೆ ನಡೆಯುತ್ತಿರಬಹುದು.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ: ದಾರಿಯ ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆ ಎಲ್ಲಿದೆ ಅಂತ ನೋಡಿ ಗುರುತು ಮಾಡಿಕೊಳ್ಳಿ. ಸಾಕುನಾಯಿ ನೋಡುವ ಖಾಸಗಿ ಡಾಕ್ಟರ್ ಇದ್ದರೆ ಅವರ ನಂಬರ್ ಕೂಡ. ಈ ದಾರಿಯಲ್ಲಿ ತುಮಕೂರು ಮತ್ತು ಶಿವಮೊಗ್ಗ ದೊಡ್ಡ ಊರು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಹಂತ 2: ಚೀಲ ಕಟ್ಟಿ, ಆದರೆ ಡಿಕ್ಕಿಗೆ ಹಾಕಬೇಡಿ

ಚೀಲ ಮುಂದಿನ ಸೀಟಿನ ಕಾಲ ಬುಡದಲ್ಲಿ ಇರಲಿ. ಡಿಕ್ಕಿಯಲ್ಲಿಟ್ಟರೆ ಸೂಟ್‌ಕೇಸ್ ಕೆಳಗೆ ಸಿಕ್ಕಿಕೊಂಡು ಬೇಕಾದಾಗ ಕೈಗೆ ಬರುವುದಿಲ್ಲ. ಒಳಗೆ ಇವಿಷ್ಟು ಸಾಕು:

- ಎದೆಪಟ್ಟಿ, ಅಂದರೆ ಹಾರ್ನೆಸ್. ಕೊರಳ ಬೆಲ್ಟ್ ಕೂಡ ಇರಲಿ. ಹಗ್ಗ ಎರಡು: ಒಂದು ಆರು ಅಡಿಯದ್ದು, ಇನ್ನೊಂದು ಹೆಚ್ಚುವರಿ.
- ಬೆಲ್ಟಿಗೆ ಮೊಬೈಲ್ ನಂಬರ್ ಕೆತ್ತಿದ ಬಿಲ್ಲೆ. ಹೆಸರು ಇಲ್ಲದಿದ್ದರೂ ನಡೆಯುತ್ತದೆ, ನಂಬರ್ ಬೇಕೇ ಬೇಕು.
- ಮನೆಯಿಂದ ತುಂಬಿದ ಐದು ಲೀಟರ್ ನೀರಿನ ಕ್ಯಾನು, ಅಗಲ ಬಾಯಿಯ ಸ್ಟೀಲ್ ಬಟ್ಟಲು.
- ಹಳೇ ಪೇಪರ್, ಕವರ್, ಎರಡು ಹಳೇ ಟವೆಲ್.
- ಚಿಮಟ, ಉಪ್ಪಿನ ಸಣ್ಣ ಡಬ್ಬಿ, ಹತ್ತಿ, ಬ್ಯಾಂಡೇಜ್ ಸುರುಳಿ, ಟಾರ್ಚ್.
- ಲಸಿಕೆ ಪುಸ್ತಕ, ಇಲ್ಲದಿದ್ದರೆ ಅದರ ಫೋಟೋ.

ಎಳೆದರೆ ಉದ್ದ ಆಗುವ ಹಗ್ಗ ಬರುತ್ತದಲ್ಲ, ಅದನ್ನು ರಸ್ತೆ ಬದಿಗೆ ತರಲೇಬೇಡಿ. ಬಟನ್ ಒತ್ತುವ ಒಂದು ಕ್ಷಣದ ತಡಕ್ಕೆ ನಾಯಿ ಐದು ಮೀಟರ್ ಆಚೆ, ಅಂದರೆ ಡಾಂಬರಿನ ನಡುವೆ ಇರುತ್ತದೆ. ಕಬ್ಬಿಣದ ಚೈನೂ ಬೇಡ. ಬಿಸಿಲಿಗೆ ಕಾಯುತ್ತದೆ, ಕೈ ಕೊಯ್ಯುತ್ತದೆ.

ಹಂತ 3: ಹೊರಡುವ ದಿನದ ಊಟ, ಹೊತ್ತು

ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ. ಬೆಳಿಗ್ಗೆ ಐದಕ್ಕೆ ಹೊರಡುವವರು ಹಿಂದಿನ ರಾತ್ರಿಯದ್ದೇ ಕೊನೇ ಊಟ ಅಂದುಕೊಳ್ಳಿ. "ಪಾಪ, ಹಸಿವು" ಅಂತ ಹೊರಡುವಾಗ ಹಾಲು ಅನ್ನ ಹಾಕಿದರೆ ನೆಲಮಂಗಲ ಬರುವಷ್ಟರಲ್ಲಿ ವಾಂತಿ. ನೀರು ಮಾತ್ರ ನಿಲ್ಲಿಸಬೇಡಿ.

ಹೊರಡುವ ಮುಂಚೆ ಇಪ್ಪತ್ತು ನಿಮಿಷ ನಡೆಸಿ, ಎರಡೂ ಕೆಲಸ ಮುಗಿಸಿ. ರೇಬೀಸ್ ಲಸಿಕೆ ಅವಧಿ ಮುಗಿದಿಲ್ಲ ತಾನೆ, ನೋಡಿಕೊಳ್ಳಿ. ಇಲಿಜ್ವರದ ಲಸಿಕೆಯೂ ಆಗಿರಲಿ. ದಾರಿಯಲ್ಲಿ ನಿಂತ ನೀರು ಮೂಸುವ ನಾಯಿಗೆ ಅದು ಸುಮ್ನೆ ಖರ್ಚಲ್ಲ.

ಬೇಸಿಗೆಯಲ್ಲಿ ಹೊತ್ತಿನ ಲೆಕ್ಕ ಮುಖ್ಯ. ಬೆಳಿಗ್ಗೆ ಐದಕ್ಕೆ ಹೊರಡಿ ಅನ್ನುವುದು ಟ್ರಾಫಿಕ್ ತಪ್ಪಿಸಲು ಮಾತ್ರ ಅಲ್ಲ. ಹನ್ನೊಂದರ ಒಳಗೆ ಎರಡು ನಿಲುಗಡೆ ಮುಗಿದಿರಬೇಕು. ಹಾಗಂತ ಮೂರು ಗಂಟೆಗೇ ಹೊರಟು ಕತ್ತಲಲ್ಲಿ ಬಯಲಿಗೆ ಇಳಿಸುವುದೂ ತಪ್ಪು. ತುಮಕೂರು, ಹಾಸನ ಜಿಲ್ಲೆಯ ಕಲ್ಲುಗುಡ್ಡದ ಬದಿಗಳಲ್ಲಿ ಚಿರತೆ ಇವೆ. ಚಿರತೆಗೆ ನಾಯಿ ಸಲೀಸಾದ ಊಟ.

ಹಂತ 4: ಮೊದಲು ನೀವು ಇಳಿಯಿರಿ, ನಾಯಿಯಲ್ಲ

ಇದೊಂದು ಹಂತವನ್ನು ಬಹಳಷ್ಟು ಜನ ಮಾಡುವುದೇ ಇಲ್ಲ. ಕಾರು ನಿಂತ ಕೂಡಲೇ ಬಾಗಿಲು ತೆರೆಯುತ್ತಾರೆ.

ಒಬ್ಬರು ಕಾರಿನಲ್ಲಿ ನಾಯಿ ಜೊತೆ ಇರಲಿ. ಇನ್ನೊಬ್ಬರು ಇಳಿದು ಎರಡು ನಿಮಿಷ ನಡೆದು ಬನ್ನಿ. ನೋಡಬೇಕಾದ್ದು ಇಷ್ಟು: ಬೀದಿನಾಯಿ ಇವೆಯಾ? ನೆಲದಲ್ಲಿ ಗಾಜಿನ ಚೂರು, ಮೂಳೆ, ಊಟದ ಎಲೆ ಬಿದ್ದಿದೆಯಾ? ಹುಲ್ಲು ಮೊಣಕಾಲಿಗಿಂತ ಎತ್ತರ ಇದೆಯಾ? ಹತ್ತಿರ ದನ ಕಟ್ಟಿದ್ದಾರಾ, ಕುರಿ ಮಂದೆ ಇದೆಯಾ? ಕಡೂರು ಕಡೆ ಕುರಿ ಮಂದೆ ಕಂಡರೆ ಮಾತಿಲ್ಲದೆ ಮುಂದಿನ ಗುರುತಿಗೆ ಹೋಗಿ. ಮಂದೆಯ ಜೊತೆ ಇರುವ ನಾಯಿಗಳ ಕೆಲಸವೇ ಬೇರೆ ನಾಯಿಯನ್ನು ಓಡಿಸುವುದು. ಅದರ ಕೆಲಸ ಅದು ಮಾಡಿದರೆ ಕುರಿಗಾಹಿಯನ್ನು ದೂರಿ ಏನು ಬಂತು?

ನೆಲಕ್ಕೆ ಅಂಗೈ ಹಿಂಭಾಗ ಒತ್ತಿ ಏಳು ಎಣಿಸಿ. ಅಷ್ಟು ಹೊತ್ತು ಇಡಲು ಆಗದಿದ್ದರೆ ನಾಯಿಯ ಪಾದಕ್ಕೂ ಆ ನೆಲ ಆಗದು. ಡಾಂಬರು, ಸಿಮೆಂಟು, ಇಂಟರ್‌ಲಾಕ್ ಕಲ್ಲು ಮೂರೂ ಒಂದೇ. ಮಣ್ಣು ಮತ್ತು ಹುಲ್ಲು ಬೇಗ ಕಾಯುವುದಿಲ್ಲ.

ಯಾರಾದರೂ ಕಂಡರೆ ಕೇಳಿಬಿಡಿ. ಬಾಣಾವರದ ಹತ್ತಿರ ಒಂದು ಸಲ ರಾಗಿ ಹೊಲದ ಬದುವಿನಲ್ಲಿ ಕೂತಿದ್ದ ಅಜ್ಜ ಒಬ್ಬರನ್ನು "ಅಜ್ಜಾ, ನಾಯಿ ಸ್ವಲ್ಪ ಓಡಾಡಿಸ್ಕೊಳ್ಳಾ?" ಅಂದೆ. ಅವರು ಕಾರಿನೊಳಗೆ ಇಣುಕಿ, "ಕಚ್ಚುತ್ತೇನಮ್ಮಾ?" ಅಂದರು. ಇಲ್ಲ ಅಂದೆ. "ನಮ್ಮೂರ ನಾಯಿ ಇದ್ದಂಗೇ ಐತೆ, ಇದನ್ ಯಾಕೆ ಕಾರಲ್ಲಿ ಹೊತ್ಕೊಂಡ್ ತಿರುಗ್ತೀರಿ?" ಅಂತ ನಕ್ಕು, ಆ ಕಡೆ ಹೋಗಬೇಡಿ, ಹಂದಿಗೆ ಅಂತ ತಂತಿ ಕಟ್ಟಿದ್ದಾರೆ ಅಂತ ಕೈ ತೋರಿಸಿದರು. ತಂತಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಅವತ್ತಿನಿಂದ ಕೇಳದೆ ಇಳಿಸುವುದಿಲ್ಲ.

ಯಾವ ಜಾಗ ಸರಿ, ಯಾವುದು ಬೇಡ

ಸರಿ: ಗೋಮಾಳ, ವಾಹನ ಓಡದ ಕೆರೆ ಏರಿ, ಸಂತೆ ಇಲ್ಲದ ದಿನದ ಸಂತೆ ಮೈದಾನ, ಊರಾಚೆಯ ಪೆಟ್ರೋಲ್ ಬಂಕಿನ ಹಿಂಬದಿಯ ಮಣ್ಣು ಜಾಗ. ಬಂಕಿನವರನ್ನು ಒಂದು ಮಾತು ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಕಾಂಪೌಂಡ್ ಇದ್ದರೆ ಇನ್ನೂ ಒಳ್ಳೆಯದು.

ಬೇಡ: ಢಾಬಾ ಹಿಂಬದಿ, ಟೋಲ್ ಹತ್ತಿರ, ಘಟ್ಟದ ತಿರುವು, ದೇವಸ್ಥಾನದ ಸುತ್ತಮುತ್ತ, ಕೋಟೆ ಮತ್ತು ಸ್ಮಾರಕಗಳು. ಚಿತ್ರದುರ್ಗದ ಕೋಟೆಗೆ ನಾಯಿ ಕರೆದುಕೊಂಡು ಹೋಗಿ ಗೇಟಿನಲ್ಲಿ ವಾಪಸ್ ಬಂದವರು ನನಗೇ ಇಬ್ಬರು ಗೊತ್ತು. ಲಾರಿಗಳು ನಿಲ್ಲುವ ಅಗಲ ಜಾಗಗಳಲ್ಲಿ ಜಾಗವೇನೋ ಇರುತ್ತದೆ, ಆದರೆ ನೆಲದ ಮೇಲೆ ಡೀಸೆಲ್, ಬಾಟಲಿ ಚೂರು, ಕೋಳಿ ಮೂಳೆ ಎಲ್ಲ ಇರುತ್ತವೆ.

ತರೀಕೆರೆ ದಾಟಿದ ಮೇಲೆ ಸಿಗುವ ಅಡಿಕೆ ತೋಟ ತಂಪಾಗಿ ಕಾಣುತ್ತದೆ, ಆಸೆ ಆಗುತ್ತದೆ. ಇಳಿಸಬೇಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ತೋಟದ ಗುಂಡಿಯ ನೀರು ನಾಯಿ ನೆಕ್ಕಿದರೆ ಹೊಟ್ಟೆ ಕೆಡುವುದು ಖಂಡಿತ.

ಹಂತ 5: ಇಳಿಸುವ ಕ್ರಮ

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಜೋನಿಗೆ ಆಗ ಒಂದು ವರ್ಷ. ಹೆದ್ದಾರಿ ಬದಿಯ ಒಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಹಗ್ಗ ಎಲ್ಲಿ ಅಂತ ಹುಡುಕುತ್ತಾ ಹಿಂದಿನ ಬಾಗಿಲು ನಾಲ್ಕು ಬೆರಳು ತೆರೆದೆ. ಅಷ್ಟೇ ಸಂದಿ ಸಾಕಾಯಿತು. ಮೂಗು ತೂರಿಸಿ, ಭುಜ ತೂರಿಸಿ, ನನ್ನ ಮೊಣಕೈ ಕೆಳಗಿಂದ ಹೊರಗೆ. ಹೋಟೆಲಿನ ನಾಯಿಗಳು ಎದ್ದವು. ಇವಳು ರಸ್ತೆ ಕಡೆ ಓಡಿದಳು. ತೆಂಗಿನಕಾಯಿ ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕಿತು. ಆ ಡ್ರೈವರ್ ಬೈದ ಒಂದೊಂದು ಬೈಗುಳಕ್ಕೂ ನಾನು ಅರ್ಹಳೇ. ಸಿಕ್ಕಿದ್ದು ಮುಕ್ಕಾಲು ಗಂಟೆಯ ಮೇಲೆ, ಒಂದು ಮನೆಯ ಹುಲ್ಲಿನ ಬಣವೆ ಹಿಂದೆ.

ಈಗ ಕ್ರಮ ಹೀಗೆ, ಒಂದೂ ಅದಲುಬದಲಾಗುವುದಿಲ್ಲ:

1. ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಒಂದು ನಿಮಿಷ ಸುಮ್ಮನೆ ಕೂರಿ. ನಾಯಿಯ ಕುಣಿತ ಇಳಿಯಲಿ.
2. ಎಲ್ಲ ಬಾಗಿಲೂ ಮುಚ್ಚಿರುವಾಗಲೇ ಒಳಗಿರುವವರು ಎದೆಪಟ್ಟಿಗೆ ಹಗ್ಗ ಹಾಕಲಿ. ಕೊಕ್ಕೆಯನ್ನು ಒಮ್ಮೆ ಎಳೆದು ನೋಡಲಿ.
3. ಹಗ್ಗದ ಕುಣಿಕೆಯೊಳಗೆ ಕೈ ತೂರಿಸಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಬೆರಳಿಗೆ ಸುತ್ತಿಕೊಳ್ಳಬೇಡಿ, ಎಳೆದರೆ ಬೆರಳು ಮುರಿಯುತ್ತದೆ.
4. ರಸ್ತೆಗೆ ಬೆನ್ನಾಗಿರುವ ಕಡೆಯ, ಅಂದರೆ ಎಡಗಡೆಯ ಬಾಗಿಲು ಮಾತ್ರ ತೆರೆಯಿರಿ.
5. ಮೊದಲು ಮನುಷ್ಯ ಇಳಿಯಲಿ. "ಬಾ" ಅಂದ ಮೇಲೆ ನಾಯಿ.

ಐದನೆಯದನ್ನು ಮನೆಯ ಗೇಟಿನಲ್ಲೇ ಒಂದು ವಾರ ಅಭ್ಯಾಸ ಮಾಡಿಸಿ. ಹೆದ್ದಾರಿಯಲ್ಲಿ ಕಲಿಸುವ ಪಾಠ ಅಲ್ಲ ಅದು. ಒಬ್ಬರೇ ಹೋಗುವವರು ಪ್ರಯಾಣವಿಡೀ ಎದೆಪಟ್ಟಿ ಹಾಕಿಟ್ಟು, ಸೀಟ್ ಬೆಲ್ಟಿಗೆ ಸಿಕ್ಕಿಸುವ ಗಿಡ್ಡ ಪಟ್ಟಿ ಬಳಸಿ. ಉದ್ದ ಹಗ್ಗ ಹಾಕಿದ ಮೇಲೆಯೇ ಆ ಪಟ್ಟಿ ಬಿಚ್ಚಿ.

ಕೊರಳ ಬೆಲ್ಟಿಗೆ ಮಾತ್ರ ಹಗ್ಗ ಹಾಕುವವರಿಗೆ ಒಂದು ಎಚ್ಚರಿಕೆ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಜಗ್ಗುತ್ತದೆ. ಬೆಲ್ಟ್ ಕಿವಿ ದಾಟಿ ಕಳಚಿಕೊಳ್ಳುತ್ತದೆ, ನಿಮ್ಮ ಕೈಯಲ್ಲಿ ಖಾಲಿ ಬೆಲ್ಟ್.

ಹಂತ 6: ಇಪ್ಪತ್ತು ನಿಮಿಷದ ನಡಿಗೆ

ಮೊದಲ ಐದು ನಿಮಿಷ ನಾಯಿಯನ್ನು ಮೂಸಲು ಬಿಡಿ. ಎಳೆಯಬೇಡಿ, "ಬೇಗ ಬೇಗ" ಅನ್ನಬೇಡಿ. ಹೊಸ ಜಾಗದಲ್ಲಿ ಯಾರ್ಯಾರು ಓಡಾಡಿದ್ದಾರೆ ಅಂತ ಮೂಗಿನಲ್ಲಿ ಓದಿಕೊಂಡ ಮೇಲೆಯೇ ಅದಕ್ಕೆ ಧೈರ್ಯ. ಐದು ನಿಮಿಷಕ್ಕೆ ಕಾರಿಗೆ ಹತ್ತಿಸುವವರ ನಾಯಿಯೇ ಸೀಟಿನ ಮೇಲೆ ಮಾಡುವುದು.

ಆಮೇಲೆ ಒಂದೇ ಗೆರೆಯಲ್ಲಿ ಹೋಗಿ, ಅದೇ ಗೆರೆಯಲ್ಲಿ ತಿರುಗಿ ಬನ್ನಿ. ಎರಡನೇ ಸಲ ಅದೇ ಜಾಗ ದಾಟುವಾಗ ಪರಿಚಯ ಇರುತ್ತದೆ, ಹೆಚ್ಚಿನ ನಾಯಿಗಳು ವಾಪಸ್ ಬರುವಾಗಲೇ ಕೂರುತ್ತವೆ. ಮನೆಯಲ್ಲಿ ಬಳಸುವ ಮಾತನ್ನೇ ಹೇಳಿ. ನಮ್ಮನೆಯಲ್ಲಿ "ಸುಸ್ಸು ಮಾಡು". ಅದಕ್ಕೆ ಆ ಮಾತು ಮನೆಯ ಬೀದಿಯ ನೆನಪು.

ಆಗಲಿಲ್ಲ ಅಂದರೆ? ನೀರು ಕುಡಿಸಿ, ಹತ್ತು ನಿಮಿಷ ಕಾರಿನಲ್ಲಿ ಕೂರಿಸಿ, ಮತ್ತೆ ಇಳಿಸಿ. ಎರಡನೇ ಸಲವೂ ಆಗದಿದ್ದರೆ ಹೆಚ್ಚುವರಿ ಗುರುತಿಗೆ ಹೊರಡಿ. ಬೈದರೆ ಮುಂದಿನ ಜಾಗದಲ್ಲೂ ಮಾಡುವುದಿಲ್ಲ.

ಎರಡಕ್ಕೆ ಹೋದರೆ ಎತ್ತಿ. "ಹೊಲ ತಾನೇ, ಗೊಬ್ಬರ ಆಗುತ್ತೆ ಬಿಡಿ" ಅನ್ನುತ್ತಾರೆ. ದನದ ಸಗಣಿ ಬೇರೆ, ಇದು ಬೇರೆ. ನಾಯಿಯ ಹೊಟ್ಟೆಯ ಕೊಕ್ಕೆಹುಳು ಮಣ್ಣಿಗೆ ಸೇರಿ ಬರಿಗಾಲಲ್ಲಿ ನಡೆಯುವವರ ಚರ್ಮಕ್ಕೆ ಹೊಗುತ್ತದೆ. ಆ ಹೊಲದಲ್ಲಿ ನಾಳೆ ಬರಿಗಾಲಲ್ಲಿ ಕಳೆ ಕೀಳುವವರು ನೀವಲ್ಲ.

ನೀರು ಕೊನೆಗೆ, ಸ್ವಲ್ಪ ಸ್ವಲ್ಪ. ಒಂದೇ ಸಲಕ್ಕೆ ಬಟ್ಟಲು ತುಂಬ ಕುಡಿಸಿ ಘಟ್ಟ ಹತ್ತಿದರೆ ವಾಂತಿ ಆಗುತ್ತದೆ. ಕೆರೆ ನೀರು, ಗದ್ದೆ ನೀರು, ಹೋಟೆಲ್ ಡ್ರಮ್ಮಿನ ನೀರು ಬೇಡ. ಐದು ಲೀಟರ್ ಕ್ಯಾನು ಅದಕ್ಕೇ ಇರುವುದು.

ಬೀದಿನಾಯಿಗಳು ಬಂದರೆ

ಓಡಬೇಡಿ, ಕಲ್ಲು ಎಸೆಯಬೇಡಿ, ನಿಮ್ಮ ನಾಯಿಯನ್ನು ತಲೆ ಮೇಲೆ ಎತ್ತಿ ಹಿಡಿಯಬೇಡಿ. ಎತ್ತಿದರೆ ಅವು ನಿಮ್ಮ ಮೇಲೆ ಹಾರುತ್ತವೆ. ಅವುಗಳ ಮತ್ತು ನಿಮ್ಮ ನಾಯಿಯ ನಡುವೆ ನೀವು ನಿಂತು, ಗಟ್ಟಿ ದನಿಯಲ್ಲಿ "ಹೇ, ಹೋಗು" ಅಂತ ಒಂದೇ ಮಾತು ಹೇಳುತ್ತಾ ಕಾರಿನ ಕಡೆ ಹಿಂದೆ ಹಿಂದೆ ಸರಿಯಿರಿ. ಅದು ಅವುಗಳ ಜಾಗ. ಬಿಟ್ಟು ಹೋಗುತ್ತಿದ್ದೀರಿ ಅಂತ ಗೊತ್ತಾದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಕೈಯಲ್ಲಿ ಕೊಡೆ ಇದ್ದರೆ ಪಟ್ಟನೆ ಬಿಚ್ಚಿ ಹಿಡಿಯಿರಿ.

ಬಿಸ್ಕತ್ತು ಹಾಕಿ ಒಲಿಸಿಕೊಳ್ಳೋಣ ಅನ್ನಬೇಡಿ. ಒಂದಕ್ಕೆ ಹಾಕಿದರೆ ಐದು ಬರುತ್ತವೆ. ನಿಮಗೇ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ನಾಯಿಗೆ ಕಚ್ಚಿದರೂ ತೊಳೆಯುವುದು ಹಾಗೇ. ಲಸಿಕೆ ಆಗಿದೆ ಅಂತ ಸುಮ್ಮನಿರದೆ ಪಶುವೈದ್ಯರಿಗೆ ತೋರಿಸಿ.

ಹಂತ 7: ಮತ್ತೆ ಹತ್ತಿಸುವ ಮುಂಚೆ ಮೈ ನೋಡಿ

ಎರಡು ನಿಮಿಷದ ಕೆಲಸ. ನಾಲ್ಕೂ ಪಾದ ಎತ್ತಿ ಬೆರಳ ಸಂದಿ ನೋಡಿ. ಅರಸೀಕೆರೆ, ಕಡೂರಿನ ಒಣ ನೆಲದಲ್ಲಿ ನೆಗ್ಗಿಲ ಮುಳ್ಳು, ಜಾಲಿ ಮುಳ್ಳು ಜಾಸ್ತಿ. ನೆಗ್ಗಿಲು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ನಾಯಿ ಕುಂಟುವುದಿಲ್ಲ, ಸುಮ್ನೆ ಪಾದ ನೆಕ್ಕುತ್ತಾ ಕೂರುತ್ತದೆ. ಸಂಜೆಗೆ ಊದಿಕೊಂಡಿರುತ್ತದೆ.

ಆಮೇಲೆ ಕಿವಿಯ ಒಳಗೆ, ಕಂಕುಳಲ್ಲಿ, ಬಾಲದ ಬುಡದಲ್ಲಿ, ಬೆಲ್ಟಿನ ಕೆಳಗೆ ಉಣ್ಣಿ ಇದೆಯಾ ನೋಡಿ. ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು, ಉಗುರಲ್ಲಿ ಹಿಸುಕುವುದು ಮೂರೂ ತಪ್ಪು. ಮಲೆನಾಡಿನಲ್ಲಿ ಇದಕ್ಕೆ ಉಣುಗು ಅನ್ನುತ್ತೇವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ನಾಯಿ ಮೈಗೆ ಹತ್ತಿಸಿಕೊಂಡು ಬಂದ ಉಣುಗು ಇಳಿಯುವುದು ನಿಮ್ಮ ಸೀಟಿಗೆ, ಅಲ್ಲಿಂದ ಹಾಸಿಗೆಗೆ. ಡಿಸೆಂಬರ್‌ನಿಂದ ಮೇ ತನಕ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕಾಡಂಚಿನಲ್ಲಿ ನಾಯಿಯನ್ನು ಇಳಿಸಲೇಬೇಡಿ. ರಸ್ತೆ ಬದಿಯ ಬೋಳು ಮಣ್ಣಿನಲ್ಲೇ ಮುಗಿಸಿ.

ಮಳೆಗಾಲದಲ್ಲಿ ಉಣುಗಿನ ಜಾಗಕ್ಕೆ ಇಂಬಳ, ಅಂದರೆ ಜಿಗಣೆ, ಬರುತ್ತದೆ. ಕಿತ್ತೆಳೆಯಬೇಡಿ, ಉಪ್ಪು ತಾಗಿಸಿ. ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಹತ್ತಿ ಒತ್ತಿ ಹಿಡಿದರೆ ಸಾಕು. ಆದರೆ ನಾಯಿ ಪದೇ ಪದೇ ಸೀನುತ್ತಾ ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದರೆ ಇಂಬಳ ಮೂಗಿನೊಳಗೆ ಹೋಗಿರಬಹುದು. ಅದಕ್ಕೆ ಉಪ್ಪು ಹಾಕುವ ಸಾಹಸ ಬೇಡ, ಪಶುವೈದ್ಯರ ಕೆಲಸ.

ನಮ್ಮ ಊಟ ಹೇಗೆ?

ಪಾಳಿ ಮೇಲೆ. ಒಬ್ಬರು ಒಳಗೆ ಹೋಗಿ ತಿನ್ನಲಿ, ಇನ್ನೊಬ್ಬರು ಎಸಿ ಹಾಕಿದ ಕಾರಿನಲ್ಲಿ ಅಥವಾ ಮರದ ನೆರಳಲ್ಲಿ ನಾಯಿ ಜೊತೆ ಇರಲಿ. ಒಬ್ಬರೇ ಇದ್ದರೆ ಪಾರ್ಸಲ್. ಬೇರೆ ದಾರಿ ಇಲ್ಲ.

"ಗಾಜು ಎರಡು ಇಂಚು ಇಳಿಸಿದ್ದೀನಿ, ಹತ್ತು ನಿಮಿಷ ತಾನೇ" ಅನ್ನುವವರಿಗೆ ಲೆಕ್ಕ ಕೊಡುತ್ತೇನೆ. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇದ್ದರೆ, ಅಂದರೆ ನಮಗೆ ಹಿತವಾದ ದಿನ, ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ 34, ಅರ್ಧ ಗಂಟೆಗೆ 43 ಡಿಗ್ರಿ ಆಗುತ್ತದೆ. ಗಾಜು ಎರಡು ಇಂಚು ಇಳಿಸಿದರೆ ಇದು ಹೆಚ್ಚೇನೂ ಬದಲಾಗುವುದಿಲ್ಲ. ಏಪ್ರಿಲ್‌ನಲ್ಲಿ ಕಡೂರಿನ ಬಿಸಿಲು 24 ಅಂತೂ ಇರುವುದಿಲ್ಲ, ಅಲ್ವಾ?

ನಿಮ್ಮ ತಟ್ಟೆಯಿಂದ ಹಾಕುವ ಅಭ್ಯಾಸ ಇದ್ದರೆ ದಾರಿಯಲ್ಲಿ ಬಿಡಿ. ಸಾಂಬಾರಿನಲ್ಲಿ ಈರುಳ್ಳಿ, ಚಟ್ನಿಯಲ್ಲಿ ಬೆಳ್ಳುಳ್ಳಿ, ಕೇಸರಿಬಾತಿನಲ್ಲಿ ಒಣದ್ರಾಕ್ಷಿ. ಮೂರೂ ನಾಯಿಗೆ ವಿಷ. ಖಾಲಿ ಇಡ್ಲಿ ಒಂದು ತುಂಡು ಕೊಡಿ, ತೊಂದರೆ ಇಲ್ಲ.

ಕಾಡು ಮತ್ತು ಕಡಲು

ಕಾಡಿನ ನಡುವಿನ ರಸ್ತೆಯಲ್ಲಿ ನಿಲ್ಲಿಸುವ ಮಾತೇ ಇಲ್ಲ. ಊಟಿಗೋ ವಯನಾಡಿಗೋ ಹೋಗುವವರು ನಾಯಿಯ ಕೆಲಸವನ್ನು ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳಿ. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ಬಂದ್, ಹಗಲಲ್ಲೂ ಕೆಳಗೆ ಇಳಿಯುವ ಹಾಗಿಲ್ಲ. ದಂಡದ ಭಯಕ್ಕೆ ಮಾತ್ರ ಹೇಳುತ್ತಿಲ್ಲ. 2018ರಲ್ಲಿ ಗುಜರಾತಿನ ಗೀರ್‌ನಲ್ಲಿ ಸಿಂಹಗಳನ್ನು ಕೊಂದ ಡಿಸ್ಟೆಂಪರ್ ವೈರಸ್ ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ನಮ್ಮ ನಾಯಿ ಅಲ್ಲಿ ಉಗುಳಿ, ಉಚ್ಚೆ ಹೊಯ್ದು ಬರುವುದು ಕಾಡಿಗೂ ಒಳ್ಳೆಯದಲ್ಲ.

ಸಾಗರದಿಂದ ಹೊನ್ನಾವರಕ್ಕೆ ಇಳಿಯುವವರು ಕಡಲತೀರಕ್ಕೆ ಹೋಗಿಯೇ ಹೋಗುತ್ತಾರೆ. ಬೆಳಿಗ್ಗೆ ಎಂಟರ ಒಳಗೆ ಹೋಗಿ, ಹಗ್ಗ ಬಿಚ್ಚಬೇಡಿ. ಚಳಿಗಾಲದಲ್ಲಿ ಹೊನ್ನಾವರ ಪಕ್ಕದ ಕಾಸರಕೋಡು ಕಡೆ ಕಡಲಾಮೆಗಳು ಮೊಟ್ಟೆ ಇಡುತ್ತವೆ, ನಾಯಿ ಕೆದಕುತ್ತದೆ. ಬಲೆಯಿಂದ ಬಿಸಾಡಿದ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉಪ್ಪುನೀರು ಕುಡಿದರೆ ಭೇದಿ ಗ್ಯಾರಂಟಿ, ಅದೂ ಕಾರಿನಲ್ಲಿ.

ಅಪಾಯದ ಸೂಚನೆಗಳು

ಬಿಸಿಲು ಹೊಡೆತ: ಬಾಯಿ ಅಗಲ ತೆರೆದು ನಿಲ್ಲಿಸದೆ ಏದುಸಿರು, ಅಂಟು ಜೊಲ್ಲು, ಒಸಡು ಕಡು ಕೆಂಪು, ನಡೆದರೆ ತೂರಾಟ. ನಾಯಿಯ ಮೈಶಾಖ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 104 ದಾಟಿದರೆ ಅಪಾಯ. ನೆರಳಿಗೆ ತಂದು ಹೊಟ್ಟೆ, ತೊಡೆ, ಕಂಕುಳಿಗೆ ಸಾದಾ ನೀರು ಸುರಿಯಿರಿ, ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಬಿಸಿ ಒಳಗೇ ಉಳಿಯುತ್ತದೆ. ಮೊದಲು ತಣಿಸಿ, ಆಮೇಲೆ ಎಸಿ ಹಾಕಿ ಆಸ್ಪತ್ರೆಗೆ ಹೊರಡಿ. ಪಗ್, ಶಿಟ್ಜುವಿನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಇದು ಎಲ್ಲಕ್ಕಿಂತ ಬೇಗ ಆಗುತ್ತದೆ.

ಹಾವು: ಹುಲ್ಲಿನಲ್ಲಿ ಮೂತಿ ಹಾಕಿ ಕುಂಯ್ ಅಂದು ಹಾರಿದರೆ, ಮುಖ ಅಥವಾ ಕಾಲು ಬೇಗ ಊದಿಕೊಂಡರೆ, ರೆಪ್ಪೆ ಜೋತುಬಿದ್ದರೆ ಕಾಯಬೇಡಿ. ಕಟ್ಟು ಹಾಕುವುದು, ಕೊಯ್ಯುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಕಾರಿಗೆ ತನ್ನಿ. ದಾರಿಯಲ್ಲೇ ಫೋನ್ ಮಾಡಿ "ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆಯಾ" ಅಂತ ಕೇಳಿ. ಇಲ್ಲದ ಆಸ್ಪತ್ರೆಗೆ ಹೋಗಿ ಹೊತ್ತು ಕಳೆಯುವುದಕ್ಕಿಂತ ಇರುವಲ್ಲಿಗೆ ನೇರ ಹೋಗಿ. ಪಶು ಸಂಜೀವಿನಿಯ 1962 ಕೂಡ ಮೊಬೈಲಿನಲ್ಲಿರಲಿ. ದನಕರುಗಳಿಗೆ ಅಂತಲೇ ಹೆಚ್ಚಾಗಿ ಇರುವ ಸೇವೆ, ಆದರೂ ಹತ್ತಿರದ ಡಾಕ್ಟರ್ ಯಾರು ಅಂತ ತಿಳಿಯಲು ಉಪಯೋಗಕ್ಕೆ ಬರುತ್ತದೆ.

ವಾಂತಿ: ಘಟ್ಟದಲ್ಲಿ ಒಂದು ಸಲ ಆದರೆ ಭಯ ಬೇಡ. ಬಾಯಿ ಚಪ್ಪರಿಸುವುದು, ಪದೇ ಪದೇ ಆಕಳಿಸುವುದು, ಜೊಲ್ಲು ಸುರಿಸುವುದು ಅದರ ಮುನ್ಸೂಚನೆ. ಆಗಲೇ ನಿಲ್ಲಿಸಿ ಗಾಳಿಗೆ ಬಿಡಿ. ನಿಂತ ಮೇಲೂ ಬರುತ್ತಲೇ ಇದ್ದರೆ ಅಥವಾ ರಕ್ತ ಕಂಡರೆ ಆಸ್ಪತ್ರೆ.

ಜ್ವರ: ಊರಿಂದ ಬಂದು ಒಂದೆರಡು ವಾರದ ಮೇಲೆ ನಾಯಿ ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಮೂಗಿಂದ ರಕ್ತ ಬಂದರೆ ಉಣ್ಣಿ ಜ್ವರ ಇರಬಹುದು. ಡಾಕ್ಟರಿಗೆ "ಮಲೆನಾಡಿಗೆ ಹೋಗಿದ್ವಿ" ಅಂತ ನೀವಾಗಿಯೇ ಹೇಳಿ. ಅಷ್ಟು ಹೇಳಿದರೆ ರಕ್ತಪರೀಕ್ಷೆ ಮೊದಲ ದಿನವೇ ಆಗುತ್ತದೆ.